ಚಕ್ಕುಲಿ ಮಾರುವವಳ ತೂಕದ ಲೆಕ್ಕ

ತೂಕ ಇಳಿಸಬೇಕಾದರೆ ಮೊದಲು ಕುರುಕಲು ತಿಂಡಿಯನ್ನು ಮನೆಯಿಂದ ಆಚೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆ ಮಾತೇ. ಆದರೆ ನಮ್ಮ ಮನೆಯಲ್ಲಿ ಯಾವಾಗ ನೋಡಿದರೂ ನಲವತ್ತು ಐವತ್ತು ಕೆಜಿ ಕುರುಕಲು ತಿಂಡಿ ಇರುತ್ತದೆ. ಅದನ್ನು ಆಚೆ ಹಾಕಿದರೆ ನಮ್ಮ ಊಟಕ್ಕೇ ಕಲ್ಲು ಬೀಳುತ್ತದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುವುದೇ ನನ್ನ ಕಸುಬು.

ಹಾಸನದಲ್ಲಿ ಸಾಲಗಾಮೆ ರಸ್ತೆಯಿಂದ ಒಳಗೆ ಒಂದು ಬೀದಿಯಲ್ಲಿ ನಮ್ಮ ಮನೆ. ಹಿಂದುಗಡೆ ಶೀಟ್ ಹಾಕಿಸಿದ ಜಾಗದಲ್ಲಿ ಎರಡು ದೊಡ್ಡ ಒಲೆ, ಹಿಟ್ಟು ಕಲಸಲು ಒಂದು ಕಲ್ಲಿನ ಕಟ್ಟೆ. ಕೆಲಸಕ್ಕೆ ಇಬ್ಬರು ಹೆಂಗಸರು ಬರುತ್ತಾರೆ. ಅವರಲ್ಲಿ ಹಿರಿಯರನ್ನು ನಾವೆಲ್ಲ ದೊಡ್ಡಮ್ಮ ಅಂತಲೇ ಕರೆಯುವುದು. ಕಟ್ಟಿನಕೆರೆ ಮಾರ್ಕೆಟ್ ಕಡೆ ಒಂದೆರಡು ಅಂಗಡಿಗೆ ಮಾಲು ಹಾಕುತ್ತೇವೆ. ಆಮೇಲೆ ಮದುವೆ, ಸೀಮಂತ, ಗೃಹಪ್ರವೇಶದ ಆರ್ಡರ್. ಗೌರಿ ಹಬ್ಬ ಬಂತು ಅಂದರೆ ದೀಪಾವಳಿ ಮುಗಿಯುವವರೆಗೆ ಕೂರಲು ಪುರುಸೊತ್ತಿಲ್ಲ.

ನನಗೆ ನಲವತ್ತನಾಲ್ಕು. ಎತ್ತರ ಐದು ಅಡಿ ಎರಡು ಇಂಚು. ಹಿಟ್ಟಿನ ಮೂಟೆ ತೂಗುವ ಸ್ಕೇಲ್ ಮೇಲೆ ನಾನೇ ನಿಂತು ನೋಡಿಕೊಂಡೆ, 74 ಕೆಜಿ. ದೊಡ್ಡಮ್ಮ ಪಕ್ಕದಲ್ಲೇ ಇದ್ದವರು "ಮೂಟೆಗಿಂತ ಜಾಸ್ತಿ ಐತಲ್ಲವ್ವ" ಅಂದರು. ತಮಾಷೆಗೆ ಅಂದದ್ದು. ಆದರೆ ಅದೇ ವಾರ ಮಂಡಿ ನೋವಿಗೆ ಅಂತ ಡಾಕ್ಟರ್ ಹತ್ತಿರ ಹೋದಾಗ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಎಚ್‌ಬಿಎ1ಸಿ 6.1 ಬಂತು. ಅದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ. 5.7ರಿಂದ 6.4ರ ಒಳಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಅಂತ ಅರ್ಥ. ಟೇಪು ಹಿಡಿದು ಹೊಟ್ಟೆಯ ಸುತ್ತಳತೆಯನ್ನೂ ನೋಡಿದರು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90. ನನ್ನದು ಗಂಡಸರ ಲೆಕ್ಕವನ್ನೂ ದಾಟಿತ್ತು.

"ಇಪ್ಪತ್ತು ಕೆಜಿ ಇಳಿಸ್ತೀನಿ ಅಂತ ಹೊರಡಬೇಡಿ. ಐದು ಕೆಜಿ ಇಳಿಸಿಕೊಂಡು ಬನ್ನಿ, ಮಿಕ್ಕಿದ್ದು ಆಮೇಲೆ ಮಾತಾಡೋಣ" ಅಂದರು ಡಾಕ್ಟರ್. ಐದೇ ಯಾಕೆ ಅಂತ ಕೇಳಿದೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಹೇಳಿದರು. ನನ್ನ ಹಾಗೆ ಹೊಸ್ತಿಲಲ್ಲಿ ಇದ್ದವರಿಗೆ ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಂತ ಗುರಿ ಕೊಟ್ಟಿದ್ದರಂತೆ. ಹಾಗೆ ಮಾಡಿದ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತಂತೆ. 74ಕ್ಕೆ ನೂರಕ್ಕೆ ಏಳು ಅಂದರೆ ಐದು ಕೆಜಿಗೆ ಒಂದು ಚೂರು ಜಾಸ್ತಿ. ಈ ಲೆಕ್ಕ ನನಗೆ ಹಿಡಿಸಿತು. ವ್ಯಾಪಾರ ಮಾಡುವವರಿಗೆ ಕೈಗೆ ಸಿಗುವ ನಂಬರ್ ಕೊಟ್ಟರೆ ಕೆಲಸ ಸಲೀಸು.

"ಏನು ಕೆಲಸ ಮಾಡ್ತೀರಿ?" ಅಂತ ಕೊನೆಗೆ ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು.

ಒಂದು ವಿಷಯ ಹೇಳಬೇಕು. ಕುರುಕಲು ತಿಂಡಿ ಮಾಡುವವರಿಗೆ ಮಾಡುವಾಗ ತಿನ್ನಬೇಕು ಅನ್ನಿಸುವುದಿಲ್ಲ. ಕಾದ ಎಣ್ಣೆಯ ಮುಂದೆ ಎರಡು ಗಂಟೆ ನಿಂತರೆ ಆ ವಾಸನೆಗೇ ಬಾಯಿ ಕಟ್ಟಿಹೋಗುತ್ತದೆ. ಬೀದಿಯಲ್ಲಿ ಹೋಗುವವರು "ಏನ್ ಘಮ ಬರ್ತಿದೆ ಕಣ್ರೀ" ಅನ್ನುತ್ತಾರೆ, ನಮಗೆ ಬರೀ ಸೆಖೆ. ಹಾಗಾಗಿ ನಾನು ತಿನ್ನುವುದೇ ಇಲ್ಲ ಅಂತ ಡಾಕ್ಟರ್‌ಗೂ ಹೇಳಿದ್ದೆ, ಮನೆಯವರಿಗೂ ಹೇಳಿದ್ದೆ. ಊಟಕ್ಕೆ ಕೂತರೆ ಒಂದು ಹಿಡಿ ಅನ್ನ, ಎರಡು ಸೌಟು ಸಾರು. ಅದರಲ್ಲಿ ಏನು ಕಡಿಮೆ ಮಾಡುವುದು?

ಮಗಳು ಇಲ್ಲೇ ಹಾಸನದಲ್ಲಿ ನರ್ಸಿಂಗ್ ಓದುತ್ತಾಳೆ. ಅವಳು ಒಂದು ಸ್ಟೀಲ್ ಡಬ್ಬ ತಂದು ಕಟ್ಟೆಯ ಮೇಲೆ ಇಟ್ಟಳು. "ಅಮ್ಮ, ಇವತ್ತು ಒಂದು ದಿನ, ಬಾಯಿಗೆ ಹಾಕ್ಕೋಬೇಕು ಅನ್ಸಿದ್ದನ್ನೆಲ್ಲ ಇದಕ್ಕೆ ಹಾಕು" ಅಂದಳು. ಸರಿ ಅಂದೆ. ಉಪ್ಪು ಖಾರ ನೋಡಲು ಮುರಿದ ಕೋಡುಬಳೆಯ ತುಂಡು ಡಬ್ಬಕ್ಕೆ ಹೋಯಿತು. ಬೆಂದಿದೆಯಾ ಅಂತ ನೋಡಲು ತೆಗೆದ ನಿಪ್ಪಟ್ಟಿನ ಅಂಚು ಹೋಯಿತು. ಚಕ್ಕುಲಿ ತೆಗೆಯುವಾಗ ಜಾಲರಿಯಲ್ಲೇ ಮುರಿದ ಸುತ್ತುಗಳು ಹೋದವು. ಪ್ಯಾಕ್ ಮಾಡುವಾಗ 200 ಗ್ರಾಂಗಿಂತ ಒಂದು ತುಂಡು ಜಾಸ್ತಿ ಬಂದು ತೆಗೆದದ್ದೂ ಅಲ್ಲಿಗೇ. ಯಾವುದೂ ಬೇಕು ಅಂತ ತಿನ್ನುವುದಲ್ಲ, ಕೈಯಲ್ಲಿದೆ, ಬಾಯಿಗೆ ಹೋಗುತ್ತದೆ, ಅಷ್ಟೇ. ಸಾಯಂಕಾಲ ಡಬ್ಬ ತೂಗಿದೆವು. 130 ಗ್ರಾಂ.

130 ಗ್ರಾಂ ಅಂದರೆ ಎಷ್ಟು ಅಂತ ಲೆಕ್ಕ ಹಾಕಲು ನನಗೆ ಪುಸ್ತಕ ಬೇಕಾಗಲಿಲ್ಲ. ಎಣ್ಣೆಯ ಲೆಕ್ಕ ನನ್ನ ಬಳಿಯೇ ಇತ್ತು. ಐದು ಕೆಜಿ ಹಿಟ್ಟಿನ ಚಕ್ಕುಲಿಗೆ ಕಲಸುವಾಗ ಅರ್ಧ ಕೆಜಿ ಎಣ್ಣೆ ಕಾಯಿಸಿ ಹಾಕುತ್ತೇವೆ. ಬಾಣಲೆಗೆ ಸುರಿದದ್ದು, ಕೊನೆಗೆ ಉಳಿದದ್ದು ಎರಡನ್ನೂ ತೂಗಿದರೆ ಇನ್ನು ಒಂದೂವರೆ ಕೆಜಿ ಚಕ್ಕುಲಿ ಕುಡಿದಿರುತ್ತದೆ. ಒಟ್ಟು ಎರಡು ಕೆಜಿ ಎಣ್ಣೆ, ಕೈಗೆ ಬರುವ ಮಾಲು ಸುಮಾರು ಏಳು ಕೆಜಿ. ನೂರು ಗ್ರಾಂ ಚಕ್ಕುಲಿಯಲ್ಲಿ 28 ಗ್ರಾಂ ಎಣ್ಣೆ ಬಂತಲ್ವಾ? ಎಣ್ಣೆ ಗ್ರಾಂಗೆ 9 ಕ್ಯಾಲರಿ, ಹಿಟ್ಟು ಗ್ರಾಂಗೆ 4ರ ಹತ್ತಿರ. ನಮ್ಮ ಒಂದು ಚಕ್ಕುಲಿ 20 ಗ್ರಾಂ ತೂಗುತ್ತದೆ, ಅದರಲ್ಲಿ ನೂರು ಕ್ಯಾಲರಿ. ಒಂದು ಚಪಾತಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಇರುವುದು. ಡಬ್ಬದಲ್ಲಿದ್ದದ್ದು 650 ಕ್ಯಾಲರಿಗೂ ಮೇಲೆ. ಊಟಕ್ಕೆ ಒಂದೇ ಹಿಡಿ ಅನ್ನ ಸಾಕು ಅನ್ನಿಸುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಹಾಕಿಕೊಟ್ಟ ತಟ್ಟೆಯಲ್ಲಿ ಎಣ್ಣೆ ತುಪ್ಪಕ್ಕೆ ಇಟ್ಟಿರುವ ಪಾಲು 27 ಗ್ರಾಂ. ಐದು ಚಕ್ಕುಲಿಗೆ ಅದು ಖಾಲಿ. ಒಗ್ಗರಣೆಗೆ ಏನೂ ಉಳಿಯುವುದಿಲ್ಲ.

ಇದು ಗೊತ್ತಾದ ಮೇಲೆ ಹುರುಪಿನಲ್ಲಿ ಎಲ್ಲವನ್ನೂ ಒಟ್ಟಿಗೇ ನಿಲ್ಲಿಸಿದೆ. ಚೂರು ಬಂದ್, ಸಾಯಂಕಾಲದ ತಿಂಡಿ ಬಂದ್, ರಾತ್ರಿ ಊಟಕ್ಕೆ ಬರೀ ಒಂದು ಲೋಟ ಮಜ್ಜಿಗೆ. ಮೊದಲ ವಾರ ತೂಕ ಚೆನ್ನಾಗಿ ಇಳಿಯಿತು. ಆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಫೋನ್‌ನಲ್ಲಿ ಅಡುಗೆ ವಿಡಿಯೋ ನೋಡುತ್ತಾ ಕೂರುತ್ತಿದ್ದೆ. ಮಂಗಳೂರು ಬಜ್ಜಿ, ಮದ್ದೂರು ವಡೆ, ಯಾರೋ ಯಾವುದೋ ಊರಿನಲ್ಲಿ ಮಾಡುವ ಜಿಲೇಬಿ. ದಿನವೆಲ್ಲ ಕರಿಯುವವಳು ರಾತ್ರಿ ಇನ್ನೊಬ್ಬರು ಕರಿಯುವುದನ್ನು ನೋಡುತ್ತಿದ್ದೆ! ನಮ್ಮ ಯಜಮಾನರು ಒಂದು ರಾತ್ರಿ ಎದ್ದು ಫೋನ್ ಕಡೆ ಬಗ್ಗಿ ನೋಡಿ, ಏನೂ ಮಾತಾಡದೆ ಮಗ್ಗುಲು ಬದಲಿಸಿದರು.

ಮಗಳಿಗೆ ಇದು ಗೊತ್ತಾಗಿ ಒಂದು ಕಥೆ ಹೇಳಿದಳು. ಕಥೆಯಲ್ಲ, ನಡೆದದ್ದು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಜನ ಗಟ್ಟಿಮುಟ್ಟಾದ ಗಂಡಸರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರಂತೆ. ಯುದ್ಧದಲ್ಲಿ ಹಸಿದು ಬಳಲಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯಲು. ಆ ಗಂಡಸರು ಕೊನೆಕೊನೆಗೆ ಅಡುಗೆ ಪುಸ್ತಕ ಓದುವುದು, ಅದನ್ನೇ ಕೂಡಿಡುವುದು, ಹೊತ್ತು ಹೊತ್ತಿಗೂ ಊಟದ ಮಾತೇ ಆಡುವುದು ಶುರು ಮಾಡಿದರಂತೆ. "ನಿನ್ನ ಬಾಯಿ ಚಪಲ ಅಲ್ಲ ಅದು, ನಿನ್ನ ಹೊಟ್ಟೆ ಮಾತಾಡ್ತಿದೆ" ಅಂದಳು. ನಲವತ್ತು ವರ್ಷದಿಂದ ಅತ್ತೆ, ಅಮ್ಮ, ನೆಂಟರು ಎಲ್ಲರೂ "ನಾಲಿಗೆ ಹಿಡಿತದಲ್ಲಿ ಇಟ್ಕೋ" ಅಂದವರೇ. ಹೊಟ್ಟೆಯನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ತಿಂಡಿಯ ಆಸೆ ಬಿಡಿಸುವ ಕೆಲಸ ಮಧ್ಯಾಹ್ನದ ಊಟದಿಂದ ಶುರುವಾಯಿತು. ಮೊದಲೆಲ್ಲ ಒಂದು ಬಾಣಲೆ ಇಳಿಸಿ ಇನ್ನೊಂದು ಏರಿಸುವ ನಡುವೆ ನಿಂತುಕೊಂಡೇ ಉಣ್ಣುತ್ತಿದ್ದೆ. ಮೂರು ಗಂಟೆಯೂ ಆಗುತ್ತಿತ್ತು. ಈಗ ಒಂದೂವರೆಗೆ ಒಲೆ ಆರಿಸುತ್ತೇವೆ. ಮೂವರೂ ಕೂತು ಉಣ್ಣುತ್ತೇವೆ. ಚಿಕ್ಕದೊಂದು ರಾಗಿ ಮುದ್ದೆ, ಹುರುಳಿಕಾಳು ಬಸ್ಸಾರು ಇಲ್ಲ ಮೊಳಕೆ ಕಾಳಿನ ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ. ಕೆಲವು ದಿನ ಒಂದು ಮೊಟ್ಟೆ. ತೂಕ ಇಳಿಸಲು ಹೊರಟವಳು ಮಧ್ಯಾಹ್ನ ಮೊದಲಿಗಿಂತ ಜಾಸ್ತಿ ತಿನ್ನುತ್ತಿದ್ದಾಳೆ ಅಂತ ಅತ್ತೆಗೆ ಅನುಮಾನ. ಆದರೆ ಕಾಳು ಸೊಪ್ಪು ಹೊಟ್ಟೆಯಲ್ಲಿ ನಿಲ್ಲುತ್ತದೆ. ನಾಲ್ಕೂವರೆಗೆ ಬರುತ್ತಿದ್ದ ಆ ಸಂಕಟ, ಏನಾದರೂ ಕಟಂ ಅಂತ ಕಡಿಯಲೇಬೇಕು ಅನ್ನುವುದು, ಅರ್ಧಕ್ಕೆ ಅರ್ಧ ಇಳಿಯಿತು. ಒಲೆ ಮುಂದೆ ಬೆವರಿ ಬೆವರಿ ಉಪ್ಪು ಬೇಡುತ್ತಿದ್ದದ್ದೂ ಅದರಲ್ಲಿ ಸೇರಿತ್ತು ಅಂತ ಕಾಣುತ್ತದೆ. ಹನ್ನೊಂದು ಗಂಟೆಗೆ ಒಂದು ದೊಡ್ಡ ಲೋಟ ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿದ ದಿನ ಕೈ ಚೂರಿನ ಕಡೆ ಹೋಗುವುದು ಕಡಿಮೆ.

ಉಳಿದ ಅರ್ಧ ಉಳಿದೇ ಇತ್ತು. ಅದು ಹಸಿವಲ್ಲ, ಹೊತ್ತಿನ ಅಭ್ಯಾಸ. ನಾಲ್ಕೂವರೆ ಕಾಫಿ ಅಂದರೆ ಪಕ್ಕದಲ್ಲಿ ಏನಾದರೂ ಇರಬೇಕು. ಬರೀ ಕಾಫಿ ಕುಡಿಯುವುದು ನಮ್ಮ ಕಡೆ ಆಸ್ಪತ್ರೆಯಲ್ಲಿ ಮಾತ್ರ.

ಆ ಹೊತ್ತಿಗೆ ಏನೇನೋ ಬದಲಿ ತಿನ್ನಿ ಅಂತ ಸಲಹೆ ಕೊಡುವವರು ಬಹಳ. ಕ್ಯಾರೆಟ್ ಕತ್ತರಿಸಿ ಇಟ್ಟುಕೊಳ್ಳಿ ಅಂದರು. ಚಕ್ಕುಲಿ ಬೇಕು ಅನ್ನುವ ಬಾಯಿಗೆ ಕ್ಯಾರೆಟ್ ಕೊಟ್ಟರೆ ಅದು ಕ್ಯಾರೆಟ್ಟನ್ನೂ ತಿಂದು ಆಮೇಲೆ ಚಕ್ಕುಲಿಯನ್ನೂ ತಿನ್ನುತ್ತದೆ. ಬೇಕರಿಯಲ್ಲಿ ಸಿಗುವ ರಾಗಿ ಬಿಸ್ಕತ್ ತಂದೆ. ಪೊಟ್ಟಣದ ಹಿಂದೆ ಸಾಮಾನಿನ ಪಟ್ಟಿ ಇರುತ್ತದಲ್ಲ, ಅದರಲ್ಲಿ ಯಾವುದು ಜಾಸ್ತಿ ಹಾಕಿದ್ದಾರೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ರಾಗಿ ಎಲ್ಲೋ ಹಿಂದೆ. ಇದಕ್ಕಿಂತ ನನ್ನ ಕೋಡುಬಳೆಯೇ ಪ್ರಾಮಾಣಿಕ.

ನನಗೆ ಕೆಲಸಕ್ಕೆ ಬಂದದ್ದು ಊರಿನದೇ ಸರಕು. ಉಪ್ಪುಗಡಲೆ ಒಂದು ಹಿಡಿ, ಸಿಪ್ಪೆ ಸಮೇತ. ಕರಕರ ಅನ್ನುವುದೂ ಆಯಿತು, ಹೊಟ್ಟೆಗೂ ಆಯಿತು. ಉದ್ದಿನ ಹಪ್ಪಳ ಕರಿಯದೆ ಕೆಂಡದ ಮೇಲೆ ಸುಟ್ಟದ್ದು. ಕಡ್ಲೆಪುರಿಗೆ ಈರುಳ್ಳಿ, ಸೌತೆಕಾಯಿ, ಹಸಿಮೆಣಸಿನಕಾಯಿ, ನಿಂಬೆಹುಳಿ ಕಲಸಿದ್ದು. ಅವರೆಕಾಯಿ ಕಾಲದಲ್ಲಿ ಅವರೆಕಾಳು ಬೇಯಿಸಿ ಉಪ್ಪು ಹಾಕಿದ್ದು. ಕಡ್ಲೆಕಾಯಿ ಮಾತ್ರ ಎಣಿಸಿ ತಿನ್ನಬೇಕು, ಒಳ್ಳೆಯದೇ ಆದರೂ ನೂರು ಗ್ರಾಂ ಬೀಜದಲ್ಲಿ 500 ಕ್ಯಾಲರಿಗೂ ಜಾಸ್ತಿ. ಟಿವಿ ಮುಂದೆ ಸಿಪ್ಪೆ ಸುಲಿಯುತ್ತಾ ಕೂತರೆ ನೂರು ಗ್ರಾಂ ಯಾವ ಮೂಲೆಗೆ?

ಇನ್ನು ಆಲೂಗಡ್ಡೆ. ತೂಕ ಇಳಿಸುವವರು ಆಲೂಗಡ್ಡೆ ಮುಟ್ಟಬಾರದು ಅಂತ ನಾನೂ ನಂಬಿದ್ದೆ. ಹಾಸನದವರಿಗೆ ಇದು ಕಷ್ಟದ ಮಾತು. ಮೇ, ಜೂನ್ ತಿಂಗಳಲ್ಲಿ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಯಲ್ಲಿ ಬಂದು ಎಪಿಎಂಸಿಯಲ್ಲಿ ಇಳಿಯುತ್ತದೆ. ಮಳೆಗಾಲದ ಕೊನೆಗೆ ಹೊಸ ಗಡ್ಡೆ ಕೀಳುತ್ತಾರೆ. ನನ್ನ ತವರಿನಿಂದ ಆಗ ಒಂದು ಚೀಲ ಬರಲೇಬೇಕು. ಮಗಳು ಹೇಳಿದ ಇನ್ನೊಂದು ಅಧ್ಯಯನ ಕೇಳಿ ನನಗೆ ಖುಷಿಯಾಯಿತು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ಬಗೆಯ ತಿನಿಸು ತೆಗೆದುಕೊಂಡು, ಎಲ್ಲವನ್ನೂ ಒಂದೇ ಕ್ಯಾಲರಿ ಬರುವಷ್ಟು ಅಳೆದು ಕೊಟ್ಟು, ಯಾವುದರಿಂದ ಎಷ್ಟು ಹೊಟ್ಟೆ ತುಂಬಿದ ಹಾಗೆ ಇರುತ್ತದೆ ಅಂತ ಎರಡು ಗಂಟೆ ಕೇಳಿ ಕೇಳಿ ಬರೆದುಕೊಂಡರಂತೆ. ಬಿಳಿ ಬ್ರೆಡ್ಡಿಗೆ 100 ಅಂತ ಇಟ್ಟರೆ ಬೇಯಿಸಿದ ಆಲೂಗಡ್ಡೆಗೆ 323. ಎಲ್ಲದಕ್ಕಿಂತ ಮೇಲೆ! ಎಲ್ಲದಕ್ಕಿಂತ ಕೆಳಗೆ 47 ಅಂಕ ಪಡೆದದ್ದು ಕ್ರೊಸಾಂಟ್. ಬೆಣ್ಣೆ ಹಾಕಿ ಪದರ ಪದರವಾಗಿ ಮಾಡುವ ಬೇಕರಿ ತಿಂಡಿ, ನಮ್ಮ ಪಫ್ಸ್‌ಗೆ ದಾಯಾದಿ.

ನನಗೆ ಸ್ವಲ್ಪ ನಗುವೂ ಬಂತು. ಆಲೂಗಡ್ಡೆಯೂ ನಮ್ಮ ಜಿಲ್ಲೆಯದೇ, ಬೇಕರಿಯೂ ನಮ್ಮ ಜಿಲ್ಲೆಯದೇ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದ ತಿರುಮಲಾಚಾರ್ ಅವರು ಹಾಸನ ಕಡೆಯವರು. ಈಗ ಎಲ್ಲೆಲ್ಲಿ ಅಯ್ಯಂಗಾರ್ ಬೇಕರಿ ಇದೆಯೋ ಅಲ್ಲೆಲ್ಲ ಹಾಸನ ಜಿಲ್ಲೆಯ ಒಂದಾದರೂ ಊರಿನ ಹೆಸರು ಕೇಳಿಬರುತ್ತದೆ. ನಮ್ಮೂರಿನಲ್ಲಿ ಹುಟ್ಟಿ ಬೇಕರಿ ಬಿಡುತ್ತೇನೆ ಅನ್ನುವುದು ಆಗದ ಮಾತು. ತಿಂಗಳಿಗೊಮ್ಮೆ ಖಾರಾ ಬನ್ ತಿನ್ನುತ್ತೇನೆ. ಆದರೆ ಸಂಜೆ ಹಸಿವಾದರೆ ಒಂದು ಆಲೂಗಡ್ಡೆ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಉಪ್ಪು ಕಾಳುಮೆಣಸಿನ ಪುಡಿ ಉದುರಿಸಿ ತಿನ್ನುತ್ತೇನೆ. ನೂರು ಗ್ರಾಂ ಬೇಯಿಸಿದ್ದರಲ್ಲಿ 90 ಕ್ಯಾಲರಿಯೂ ಇಲ್ಲ. ಅದನ್ನೇ ಚಿಪ್ಸ್ ಮಾಡಿದರೆ ನೂರು ಗ್ರಾಂಗೆ 500 ದಾಟುತ್ತದೆ.

ಮಾಲಿನ ಜಾಗವನ್ನೂ ಬದಲಿಸಿದೆವು. ಮೊದಲು ಪ್ಯಾಕ್ ಆದ ಡಬ್ಬಗಳು ಟಿವಿ ಇರುವ ಕೋಣೆಯಲ್ಲೇ ಇರುತ್ತಿದ್ದವು. ಈಗ ಮಹಡಿ ಮೇಲಿನ ಕೋಣೆಗೆ ಹೋಗಿವೆ, ಬೀಗದ ಕೈ ಯಜಮಾನರ ಹತ್ತಿರ. ರಾತ್ರಿ ಒಂಬತ್ತಕ್ಕೆ ಅವರನ್ನು ಬೀಗದ ಕೈ ಕೇಳಿ, ಮೆಟ್ಟಿಲು ಹತ್ತಿ, ಲೈಟ್ ಹಾಕಿ ಎರಡು ನಿಪ್ಪಟ್ಟು ತರುವಷ್ಟು ಆಸೆ ನನಗಿಲ್ಲ ಅಂತ ಗೊತ್ತಾಯಿತು. ಕೈಗೆ ಎಟುಕುತ್ತಿತ್ತು, ತಿನ್ನುತ್ತಿದ್ದೆ, ಅಷ್ಟೇ ಅದರ ಮಹಿಮೆ. ಪ್ಯಾಕಿಂಗ್‌ಗೆ ಕೈಗವಸು ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಿದೆ. ಗ್ರಾಹಕರು ಎಷ್ಟು ಚೊಕ್ಕಟ ಅಂತ ಮೆಚ್ಚಿಕೊಂಡರು. ಅಸಲಿ ಕಾರಣ ಬೇರೆ. ಕೈಗವಸು ಹಾಕಿದ ಕೈ ಬಾಯಿಗೆ ಹೋಗುವುದಿಲ್ಲ.

ಉಪ್ಪು ಖಾರ ನೋಡುವುದನ್ನು ಬಿಡಲು ಆಗುವುದಿಲ್ಲ, ಕಸುಬಿನ ಮಾತು ಅದು. ಆದರೆ ಅದಕ್ಕೂ ಒಂದು ದಾರಿ ಸಿಕ್ಕಿತು. ಹಿಡಿ ಲೆಕ್ಕದಲ್ಲಿ ಹಾಕುತ್ತಿದ್ದ ಉಪ್ಪು, ಖಾರದ ಪುಡಿ, ಇಂಗು ಎಲ್ಲವನ್ನೂ ಗ್ರಾಂ ಲೆಕ್ಕಕ್ಕೆ ತಂದೆ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಈಗ ಹಂಡೆಗೊಂದು ಸಲ ರುಚಿ ನೋಡಿದರೆ ಸಾಕು. ಮೊದಲು ತೆಗೆದ ಒಂದು ಕೋಡುಬಳೆಯನ್ನು ಮೂರು ತುಂಡು ಮಾಡಿ ಮೂವರೂ ನೋಡುತ್ತೇವೆ. ದೊಡ್ಡಮ್ಮ ಈ ಹಾಳೆಯನ್ನು ಈವತ್ತಿಗೂ ಒಪ್ಪಿಲ್ಲ. "ಕೈ ಅಳತೆ ಬಿಟ್ಟು ಯಾರಾದ್ರೂ ಚಕ್ಕುಲಿ ಮಾಡ್ತಾರಾ?" ಅನ್ನುತ್ತಾರೆ. ಆದರೆ ರುಚಿ ಒಂದೇ ಸಮ ಬರುತ್ತಿದೆ ಅಂತ ಅಂಗಡಿಯವರೇ ಹೇಳಿದರು.

ಮನೆಯೊಳಗಿನದಕ್ಕಿಂತ ಬಾಗಿಲಿನಲ್ಲಿ ನಿಲ್ಲುವವರನ್ನು ಸಂಭಾಳಿಸುವುದು ಕಷ್ಟ. ಆರ್ಡರ್ ಕೊಡಲು ಬಂದವರಿಗೆ ತಟ್ಟೆಯಲ್ಲಿ ರುಚಿಗೆ ಕೊಡುತ್ತೇವೆ. "ನೀವೂ ತಗೊಳ್ರಿ" ಅನ್ನುತ್ತಾರೆ. ಬೇಡ ಅಂದೆ ಒಂದು ಸಲ. ಆಕೆ ಕೈಯಲ್ಲಿದ್ದ ನಿಪ್ಪಟ್ಟನ್ನು ತಿರುಗಿಸಿ ನೋಡಿ, "ಮಾಡಿದೋರೇ ತಿನ್ನಲ್ಲ ಅಂದ್ರೆ ಇದಕ್ಕೆ ಏನ್ ಎಣ್ಣೆ ಹಾಕಿದೀರ?" ಅಂದರು. ಮದುವೆಯ ಆರ್ಡರ್, ಹದಿನೈದು ಕೆಜಿ! ತಕ್ಷಣ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಂಥ ತುಂಡಿಗೆ ನಾನು ಲೆಕ್ಕ ಇಡುವುದಿಲ್ಲ, ಅದು ವ್ಯಾಪಾರದ ಖರ್ಚು.

ನೆಂಟರ ಮನೆಯಲ್ಲಿ "ಡಯಟ್" ಅನ್ನುವ ಪದ ಬಾಯಿಂದ ಬಂದರೆ ಮುಗಿಯಿತು. "ಒಂದಕ್ಕೆ ಏನಾಗಲ್ಲ, ತಗೋಳೇ" ಅಂತ ತಟ್ಟೆಗೆ ಮೂರು ಬೀಳುತ್ತವೆ. ಬೇಡ ಅನ್ನುವ ಬದಲು ನಾನು ಮೊದಲೇ ಕೇಳುವುದನ್ನು ರೂಢಿ ಮಾಡಿಕೊಂಡೆ. "ಅಕ್ಕ, ಒಂದು ಲೋಟ ಮಜ್ಜಿಗೆ ಇದ್ರೆ ಕೊಡಿ, ತುಂಬಾ ಸೆಖೆ" ಅಂದರೆ ಕೊಡುವವರಿಗೂ ಕೊಟ್ಟ ಸಮಾಧಾನ. ಅತ್ತೆಯ ತಂಗಿ ಒಬ್ಬರ ಮುಂದೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅವರು ಮಜ್ಜಿಗೆ ಜೊತೆಗೆ ನೆಂಚಿಕೊಳ್ಳಲು ಸಂಡಿಗೆ ಕರಿದು ತರುತ್ತಾರೆ.

ಚಕ್ಕುಲಿಯನ್ನು ನಾನು ಬಿಟ್ಟಿಲ್ಲ. ಬಿಡಬೇಕು ಅಂತಲೂ ಇಲ್ಲ. ದಿನ ಬಿಟ್ಟು ದಿನ ಸಂಜೆ ಕಾಫಿಗೆ ಎರಡು ಚಕ್ಕುಲಿ. ತಟ್ಟೆಯಲ್ಲಿ ಇಟ್ಟುಕೊಂಡು, ಕುರ್ಚಿ ಎಳೆದು ಕೂತು, ಫೋನ್ ಪಕ್ಕಕ್ಕಿಟ್ಟು ತಿನ್ನುತ್ತೇನೆ. ಸುತ್ತು ಬಿಡಿಸಿ ಬಿಡಿಸಿ ತಿನ್ನುವುದು, ಚಿಕ್ಕವಳಿದ್ದಾಗ ತಿನ್ನುತ್ತಿದ್ದ ಹಾಗೆ. ಆಮೇಲೆ ಅಂಗಡಿ ಖಾತೆ ಪುಸ್ತಕದಲ್ಲಿ ನನ್ನದೇ ಒಂದು ಪುಟ ಇದೆ, ಅದರಲ್ಲಿ ಮಾರುವ ದರಕ್ಕೇ ಬರೆಯುತ್ತೇನೆ. ತಿಂಗಳ ಕೊನೆಗೆ ಗಲ್ಲಾಪೆಟ್ಟಿಗೆಗೆ ನನ್ನ ಕೈಯಿಂದ ದುಡ್ಡು ಹಾಕುತ್ತೇನೆ. ಯಜಮಾನರು ಇದನ್ನು ನೋಡಿ ನಕ್ಕರು. ನಗಲಿ. ದುಡ್ಡು ಕೊಟ್ಟು ತಿಂದ ಚಕ್ಕುಲಿಯ ರುಚಿ ಗೊತ್ತಾಗುತ್ತದೆ. ಸುಮ್ನೆ ಬಾಯಾಡಿಸಿದ 130 ಗ್ರಾಂನಲ್ಲಿ ಒಂದರ ರುಚಿಯೂ ನನಗೆ ನೆನಪಿರಲಿಲ್ಲ.

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗ ಹಾಸನಾಂಬೆಯ ಬಾಗಿಲು ತೆಗೆದರು. ವರ್ಷಕ್ಕೆ ಒಂದೇ ಸಲ, ದೀಪಾವಳಿ ಹೊತ್ತಿಗೆ ಕೆಲವೇ ದಿನ ತೆಗೆಯುವ ದೇವಸ್ಥಾನ. ಊರು ತುಂಬಾ ಜನ. ನಮ್ಮ ಮನೆಗೂ ಬೆಂಗಳೂರು, ಮೈಸೂರು, ಅರಸೀಕೆರೆಯಿಂದ ನೆಂಟರು. ಒಂದು ಕಡೆ ದೀಪಾವಳಿ ಆರ್ಡರ್, ಒಂದು ಕಡೆ ಮನೆ ತುಂಬ ಜನಕ್ಕೆ ಅಡುಗೆ, ಒಂದು ಕಡೆ ಸಾಲಿನಲ್ಲಿ ನಿಲ್ಲಲು ಬೆಳಗಿನ ಜಾವ ಎದ್ದು ಹೊರಡುವುದು. ರಾತ್ರಿ ನಾಲ್ಕು ಗಂಟೆ ನಿದ್ದೆ ಆದರೆ ಹೆಚ್ಚು. ಆ ದಿನಗಳಲ್ಲಿ ನನ್ನ ಯಾವ ಉಪಾಯವೂ ನಿಲ್ಲಲಿಲ್ಲ. ಮಧ್ಯಾಹ್ನ ಗಟ್ಟಿಯಾಗಿ ಉಂಡರೂ ಮೂರು ಗಂಟೆಗೆ ಬಾಯಿ ಬೇಡುತ್ತಿತ್ತು, ಅದೂ ಸಿಹಿ. ಸಿಹಿ ನನ್ನ ದೌರ್ಬಲ್ಯವೇ ಅಲ್ಲ. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ ಅಂತ ಮಗಳು ಓದಿ ಹೇಳಿದಳು. ಓದದಿದ್ದರೂ ಗೊತ್ತಾಗುತ್ತಿತ್ತು. ಬಲಿಪಾಡ್ಯಮಿ ಕಳೆದು ನೆಂಟರು ಹೊರಟ ಮೇಲೆ ತೂಗಿಕೊಂಡರೆ ಒಂದೂವರೆ ಕೆಜಿ ವಾಪಸ್ ಬಂದಿತ್ತು. ಎರಡು ರಾತ್ರಿ ಚೆನ್ನಾಗಿ ಮಲಗಿದೆ. ಮೂರು ಗಂಟೆಯ ಸಿಹಿ ಆಸೆ ತಾನಾಗೇ ಹೋಯಿತು. ಈ ವರ್ಷ ಹಬ್ಬದ ಆರ್ಡರ್ ಇಷ್ಟಕ್ಕೇ ಸಾಕು ಅಂತ ಮೊದಲೇ ಗೆರೆ ಹಾಕಿದ್ದೇನೆ. ಯಜಮಾನರಿಗೆ ಅದು ಇಷ್ಟವಿಲ್ಲ, ಇನ್ನೂ ಚರ್ಚೆ ನಡೆಯುತ್ತಿದೆ.

ಮಳೆಗಾಲದ ಮೆಣಸಿನಕಾಯಿ ಬಜ್ಜಿಗೆ ಮಾತ್ರ ನನ್ನ ಹತ್ತಿರ ಔಷಧಿ ಇಲ್ಲ. ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿದು, ಮಹಾರಾಜ ಪಾರ್ಕ್‌ನಲ್ಲಿ ವಾಕಿಂಗ್ ಮುಗಿಸಿ ಬರುವಾಗ ಗಾಡಿಯವನು ಬಾಣಲೆಗೆ ಬಜ್ಜಿ ಬಿಡುವ ಶಬ್ದ ಕೇಳಿದರೆ, ನಾನು ನಿಲ್ಲುತ್ತೇನೆ. ಒಂದು ತಿನ್ನುತ್ತೇನೆ. ಎರಡನೆಯದನ್ನು ಕೇಳುವ ಮೊದಲು ದುಡ್ಡು ಕೊಟ್ಟು ಹೊರಡುತ್ತೇನೆ.

ಈಗ ಸ್ಕೇಲ್ 68ರ ಆಸುಪಾಸಿನಲ್ಲಿ ಆಡುತ್ತಿದೆ. ಎಚ್‌ಬಿಎ1ಸಿ 5.8ಕ್ಕೆ ಇಳಿದಿದೆ. ಹೊಸ್ತಿಲು ಪೂರ್ತಿ ದಾಟಿ ಈಚೆಗೆ ಬಂದಿಲ್ಲ. ಡಾಕ್ಟರ್ "ಇನ್ನು ಮೂರು ಕೆಜಿ" ಅಂದಿದ್ದಾರೆ. ಮಂಡಿ ನೋವು ಕಡಿಮೆಯಾಗಿದೆ, ಕೆಳಗೆ ಕೂತು ಚಕ್ಕುಲಿ ಒತ್ತಲು ಮೊದಲಿನಷ್ಟು ತ್ರಾಸವಿಲ್ಲ.

ಚೂರಿನ ಮಾತು ಬಾಕಿ ಇದೆ. ಎಷ್ಟು ಜೋಪಾನ ಮಾಡಿದರೂ ಚೂರು ಆಗಿಯೇ ಆಗುತ್ತದೆ. ಅದನ್ನು ಮಾರುವ ಹಾಗಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ, ಅದಕ್ಕೇ ಇಷ್ಟು ವರ್ಷ ಅದು ನನ್ನ ಹೊಟ್ಟೆಗೆ ಬೀಳುತ್ತಿದ್ದದ್ದು. ಈಗ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟಿನ ಚೂರನ್ನೆಲ್ಲ ಸೇರಿಸಿ, ಮೇಲೆ ಹುರಿದ ಕಡ್ಲೆಬೀಜ ಕರಿಬೇವು ಉದುರಿಸಿ, ಚೂರು ಮಿಕ್ಸ್ಚರ್ ಅಂತ ಅರ್ಧ ದರಕ್ಕೆ ಪೊಟ್ಟಣ ಕಟ್ಟುತ್ತೇವೆ. ನಮ್ಮ ಬೀದಿಯಲ್ಲಿ ಪಿಜಿಗಳು ಜಾಸ್ತಿ. ಕಾಲೇಜು ಹುಡುಗರು ಸಂಜೆ ಬಂದು "ಆಂಟಿ, ಚೂರು ಇದ್ಯಾ?" ಅಂತ ಕೇಳಿ ಒಯ್ಯುತ್ತಾರೆ. ಚೂರಿಗೆ ಒಂದು ಬೆಲೆ ಬಂದ ಮೇಲೆ ಅದನ್ನು ಬಾಯಿಗೆ ಹಾಕಿಕೊಳ್ಳಲು ಕೈ ಬರುತ್ತಿಲ್ಲ. ಈಗೀಗ ಕೇಳುವವರಿಗೆ ಸಾಲುವುದೇ ಇಲ್ಲ. ಮೊನ್ನೆ ದೊಡ್ಡಮ್ಮ "ಒಳ್ಳೇವನ್ನೇ ಒಂದೆರಡು ಕೆಜಿ ಮುರಿದು ಹಾಕಾನೇನವ್ವ?" ಅಂತ ಕೇಳಿದರು. ಕೂತು ಲೆಕ್ಕ ಹಾಕಿ ನೋಡಿದೆ. ಅರ್ಧ ದರಕ್ಕೆ ಎಣ್ಣೆ ದುಡ್ಡೂ ಗಿಟ್ಟುವುದಿಲ್ಲ.